ಎಡ ಕಣಿವೆ, ಬಲ ಕಣಿವೆ, ನಡುವೆ ನನ್ನ ಪಿಎಚ್‌ಡಿ

ಲೇಸರ್ ಕೆಟ್ರೆ ರಿಪೇರಿ ಮಾಡಿಸ್ಬಹುದು. ಆದ್ರೆ ಒಳ್ಳೇ ಜನ ಒಳ್ಳೇ ಮನಸ್ಸಿಂದಲೇ ಕೆಲಸ ಕೆಡಿಸಿದ್ರೆ ಯಾರಿಗೆ ಹೇಳೋಣ? ಸಿ.ವಿ. ರಾಮನ್ ನಗರದ ಹತ್ತಿರದ ಲ್ಯಾಬ್‌ನಲ್ಲಿ ನನಗೆ ಐದು ವರ್ಷದಿಂದ ಇದೇ ಗೋಳು.

ಕೆಲಸ ಏನಪ್ಪಾ ಅಂದ್ರೆ, ಮೂರೇ ಪರಮಾಣು ದಪ್ಪದ ಹರಳಿನ ಹಾಳೆ. ಅದರೊಳಗೆ ಎಲೆಕ್ಟ್ರಾನ್ ಇಳಿದು ಕೂರೋಕೆ ಶಕ್ತಿಯ ಎರಡು ತಗ್ಗು, ಅದನ್ನೇ ಕಣಿವೆ ಅಂತೀವಿ. ಬೆಳಕನ್ನ ಎಡಕ್ಕೆ ಸುತ್ತಿಸಿ ಬಿಟ್ರೆ ಒಂದು ಕಣಿವೆ, ಬಲಕ್ಕೆ ಸುತ್ತಿಸಿ ಬಿಟ್ರೆ ಇನ್ನೊಂದು. ರೆಪ್ಪೆ ಬಡಿಯೋದ್ರೊಳಗೆ ಕೋಟಿಗಟ್ಟಲೆ ಸಲ ಮುಗಿದು ಹೋಗೋ ಆಟ ಇದು. ಡಿಸೆಂಬರ್‌ನಲ್ಲಿ ಕಮಿಟಿ ಮುಂದೆ ಇದನ್ನ ತೋರಿಸಿದ್ರೆ ಥೀಸಿಸ್ ಬರೆದು ನಾನು ಪಾರು. ಇಲ್ಲಾಂದ್ರೆ ಇಲ್ಲೇ ಗೂಟ.

ಟೇಪ್

ಹಾಳೆ ಮಾಡೋ ವಿಧಾನ ಕೇಳಿದ್ರೆ ನಗ್ತೀರಿ. ಹರಳಿಗೆ ಟೇಪ್ ಅಂಟಿಸಿ ಕೀಳೋದು, ಮತ್ತೆ ಅಂಟಿಸಿ ಕೀಳೋದು, ಪದರ ತೆಳ್ಳಗಾಗೋವರೆಗೂ, ಅಷ್ಟೇ. ಟೇಪ್ ಮುಗಿದಿತ್ತು ಅಂತ ಶಿವಾಜಿನಗರದ ಸ್ಟೇಷನರಿ ಅಂಗಡಿಗೆ ಹೋದೆ.

"ಏನು ಅಂಟಿಸ್ಬೇಕಮ್ಮಾ?" ಅಂದ್ರು ಅಂಗಡಿ ಭಾಯ್.

"ಅಂಟಿಸೋಕಲ್ಲ ಭಾಯ್, ಕೀಳೋಕೆ. ಸಲೀಸಾಗಿ ಕಿತ್ತು ಬರೋ ಟೇಪ್ ಕೊಡಿ."

ಅವರ ಮುಖ ಕೆಂಪಾಯ್ತು. ತಮ್ಮ ಟೇಪ್ ತುಂಡೊಂದನ್ನ ಗಲ್ಲಾಪೆಟ್ಟಿಗೆಗೆ ಪಟ್ಟಂತ ಅಂಟಿಸಿ, "ಅರೆ, ಕಿತ್ತು ತೋರ್ಸಿ ನೋಡೋಣ!" ಅಂದ್ರು. ಉಗುರು ಹೋಯ್ತೇ ಹೊರತು ಟೇಪ್ ಬರ್ಲಿಲ್ಲ.

"ನಮ್ಮಲ್ಲಿ ಅಂಥ ಕಚಡಾ ಮಾಲ್ ಇಡಲ್ಲಮ್ಮಾ. ಪಕ್ಕದ ಅಂಗಡಿಗೆ ಹೋಗಿ, ಅವನ ಟೇಪ್ ಅಂಟೋದೇ ಇಲ್ಲ."

ಹೋದೆ. ನಿಜವಾಗ್ಲೂ ಅಂಟಲ್ಲ. ನನ್ನ ಸಂಶೋಧನೆ ಪೂರ್ತಿ ನಿಂತಿರೋದು ಆ ಕಚಡಾ ಮಾಲ್ ಮೇಲೇನೇ.

ಆಯುಧಪೂಜೆ

ನಮ್ಮ ವರ್ಕ್‌ಶಾಪ್ ಮೇಸ್ತ್ರಿ ಕೆ.ಆರ್. ಪುರದವರು, ಭಕ್ತಿ ಜಾಸ್ತಿ. ಆಯುಧಪೂಜೆಗೆ ಮುಂಚೇನೇ ಕೈಮುಗಿದು ಹೇಳಿದ್ದೆ, "ಅಣ್ಣಾ, ಏನಾದ್ರೂ ಮಾಡ್ಕೊಳ್ಳಿ, ಲೇಸರ್ ಒಂದು ಮುಟ್ಬೇಡಿ."

ಮುಟ್ಲಿಲ್ಲ, ಪುಣ್ಯಾತ್ಮ. ಬೆಳಿಗ್ಗೆ ಬಂದು ನೋಡ್ತೀನಿ, ಲೇಸರ್ ಪೆಟ್ಟಿಗೆ ಮೇಲೆ ಒಂದು ಹೂವಿನ ಎಸಳೂ ಇಲ್ಲ. ಆದ್ರೆ ಟೇಬಲ್ ಮೇಲಿದ್ದ ಅಷ್ಟೂ ಕನ್ನಡಿಗೆ ನಟ್ಟನಡುವೆ, ಬೆಳಕು ಬಂದು ಬೀಳೋ ಜಾಗಕ್ಕೇ ಸರಿಯಾಗಿ, ಒಂದೊಂದು ಕುಂಕುಮದ ಬೊಟ್ಟು.

"ಅಣ್ಣಾ! ಏನ್ ಮಾಡಿದ್ರಿ ಇದು?" ಅಂತ ಕಿರುಚಿಕೊಂಡೆ.

"ಲೇಸರ್ ಮುಟ್ಟಿಲ್ಲ ಮೇಡಮ್, ದೇವರಾಣೆ. ಕನ್ನಡಿ ಬಗ್ಗೆ ನೀವೇನೂ ಹೇಳ್ಲಿಲ್ಲ."

ಒರೆಸಿ, ಮತ್ತೆ ಬೆಳಕಿನ ದಾರಿ ಸರಿಮಾಡೋಕೆ ಹದಿನೈದು ದಿನ ಹಿಡೀತು. ಅಷ್ಟೂ ದಿನ ಮೇಸ್ತ್ರಿ ದಿನಾ ಬಂದು ಸಮಾಧಾನ ಹೇಳ್ತಿದ್ರು: "ಪೂಜೆ ಆಗಿದ್ದಕ್ಕೇ ಇಷ್ಟರಲ್ಲಿ ಹೋಯ್ತು ಮೇಡಮ್, ಇಲ್ಲಾಂದ್ರೆ ಇನ್ನೇನೇನು ಆಗ್ತಿತ್ತೋ."

ಗ್ರೈಂಡರ್

ನವೆಂಬರ್‌ನಲ್ಲಿ ದಿನಾ ಮಧ್ಯಾಹ್ನ ಮೂರಕ್ಕೆ ಸಿಗ್ನಲ್ ನಡುಗೋಕೆ ಶುರು. ವಾರವಿಡೀ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯ್ತು, ಗೋಡೆ ಆಚೆ ಕ್ಯಾಂಟೀನ್‌ನವರು ದೋಸೆಗೆ ಹಿಟ್ಟು ರುಬ್ಬೋ ಹೊತ್ತು ಅದು. ಕಾಡಿ ಬೇಡಿ ಗ್ರೈಂಡರ್ ನಿಲ್ಲಿಸಿದೆ. ಸಿಗ್ನಲ್ ನೇರ ಬಂತು! ಕುಣಿದುಬಿಟ್ಟೆ.

ಮಾರನೇ ದಿನ ಗೈಡ್ ಬಂದ್ರು. ಗ್ರಾಫ್ ಮೇಲೆ ಒಂದು ಸಲ ಕಣ್ಣಾಡಿಸಿದ್ರು.

"ಚೆನ್ನಾಗಿದೆಯಮ್ಮ. ಅದಿರ್ಲಿ, ಕ್ಯಾಂಟೀನ್‌ನಲ್ಲಿ ದೋಸೆ ನಿಲ್ಸಿರೋ ಪಾಪಿ ಯಾರು?"

ಅವತ್ತೇ ಗ್ರೈಂಡರ್ ಮತ್ತೆ ತಿರುಗ್ತು. ನಾನು ಬೆಳಿಗ್ಗೆ ಆರಕ್ಕೆ ಬರೋಕೆ ಶುರು ಮಾಡಿದೆ.

ಕಮಿಟಿ

ಕೊನೆಗೂ ಆ ದಿನ ಬಂತು. ಕಮಿಟಿ ಅಧ್ಯಕ್ಷರು ನಮ್ಮ ಗೈಡ್‌ಗೇ ಪಾಠ ಹೇಳಿದ ಹಿರಿಯರು. ಲ್ಯಾಬ್‌ಗೆ ಬಂದವರೇ ಸೀದಾ ನನ್ನ ಕುರ್ಚೀಲಿ ಕೂತ್ರು. ಒಂದು ಕೈ, ಬೆಳಕನ್ನ ಎಡಕ್ಕೆ ಬಲಕ್ಕೆ ಸುತ್ತಿಸೋ ತಿರುಪಿನ ಮೇಲೆ; ಇನ್ನೊಂದರ ಮೊಣಕೈ ನನ್ನ ಕೀಬೋರ್ಡ್ ಮೇಲೆ.

ತಿರುಪು ಎಡಕ್ಕೆ ತಿರುಗಿಸಿದ್ರು. ಪರದೆ ಮೇಲೆ ಗೆರೆ ಮೇಲೆದ್ತು. ಬಲಕ್ಕೆ ತಿರುಗಿಸಿದ್ರು. ಗೆರೆ ಕೆಳಗಿಳೀತು. ಎಲೆಕ್ಟ್ರಾನ್ ಕಣಿವೆ ಬದಲಿಸಿತ್ತು! ಐದು ವರ್ಷದ ಮೇಲೆ! ನನಗೆ ಅಳು ಬಂದುಬಿಡ್ತು.

"ಭಲೇ!" ಅಂದ್ರು ಅಧ್ಯಕ್ಷರು. ಮತ್ತೆ ಎಡ, ಮತ್ತೆ ಬಲ. ಎಡ, ಬಲ. ಹೊಸ ಗಿಲಕಿ ಸಿಕ್ಕ ಮಗು ಥರ ನಗ್ತಾ ಅರ್ಧ ಗಂಟೆ ಬಿಡ್ಲೇ ಇಲ್ಲ.

ಇದೆಲ್ಲಾ ದಾಖಲಾಗ್ಬೇಕಂದ್ರೆ ನಾನು ಕೀಬೋರ್ಡ್‌ನಲ್ಲಿ ಒಂದು ಗುಂಡಿ ಒತ್ತಬೇಕಿತ್ತು. ಅದು ಅವರ ಮೊಣಕೈ ಕೆಳಗೆ. ಎಪ್ಪತ್ತು ದಾಟಿದವರಿಗೆ, ಗುರುಗಳ ಗುರುಗಳಿಗೆ, "ಸ್ವಲ್ಪ ಕೈ ತೆಗೀರಿ ಸರ್" ಅನ್ನೋದು ಹೇಗೆ? ಗೈಡ್ ಕಡೆ ನೋಡಿದೆ. ಅವರು ನನ್ನ ಕಡೆ ನೋಡಿದ್ರು. ಇಬ್ಬರೂ ಕೈಕಟ್ಟಿಕೊಂಡು ಹಲ್ಲು ಕಿರಿದು ನಿಂತ್ವಿ.

ಕೊನೇ ಸಲ ಬಲಕ್ಕೆ ತಿರುಗಿಸಿದಾಗ ಟಕ್ ಅಂತ ತಿರುಪು ಮುರಿದು ಅವರ ಕೈಗೇ ಬಂತು. ಅದನ್ನ ನನ್ನ ಅಂಗೈಲಿಟ್ಟು, "ಶಭಾಷ್ ಮಗಳೇ! ಎಲ್ಲಿ, ಈಗ ಆ ರೀಡಿಂಗ್ ತೋರ್ಸು" ಅಂದ್ರು.

ಸಂಜೆ ವರದಿ ಕೈಗೆ ಬಂತು: "ಪ್ರಯೋಗ ಅದ್ಭುತ, ನಾವೇ ಕಣ್ಣಾರೆ ಕಂಡೆವು. ದಾಖಲೆ ಇಲ್ಲ. ಇನ್ನೊಂದು ವರ್ಷ ಮುಂದುವರಿಸಬೇಕು. ವಿದ್ಯಾರ್ಥಿನಿಗೆ ಹಿರಿಯರ ಮೇಲಿರುವ ಗೌರವ ಮೆಚ್ಚತಕ್ಕದ್ದು."