ಸಿರಿಲ್ ನೆಟ್ಟಗೆ ಮಾಡಿದ ನಾಣ್ಯ

ಸಿರಿಲ್ ಪಾಗ್ಸನ್ ಆ ಭಾನುವಾರ ಮಾಡಿದ ತಪ್ಪು ಒಂದೇ. ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಬಿಡಲಿಲ್ಲ.

ಬೆಳಗ್ಗೆ ಒಂಬತ್ತೂವರೆಗೆ, ಮಿಸೆಸ್ ಸ್ಕೆಲ್ಟನ್‌ಳ ಬಾರ್ಲಿ ಕೊಯ್ದ ಹೊಲದಲ್ಲಿ ಅವನ ಮೆಟಲ್ ಡಿಟೆಕ್ಟರ್ ಇಂಪಾಗಿ ಕೂಗಿತ್ತು. ನಾಲ್ಕು ಬೆರಳು ಆಳದಲ್ಲಿ ತೆಳ್ಳನೆಯ ಬೆಳ್ಳಿ ಬಿಲ್ಲೆಯೊಂದು, ಒಣಗಿದ ಎಲೆಯ ಹಾಗೆ ಒಂದು ಕಡೆ ಮೇಲಕ್ಕೂ ಒಂದು ಕಡೆ ಕೆಳಕ್ಕೂ ಬಾಗಿ ಕೂತಿತ್ತು. ಇದು ಟ್ರಾಕ್ಟರಿನದೇ ಕೆಲಸ ಎಂದು ಸಿರಿಲ್ ತೀರ್ಮಾನಿಸಿದ. ಮೂವತ್ತು ವರ್ಷ ಬಸ್ಸು ಓಡಿಸಿದವನು. ಸೊಟ್ಟಗಿದ್ದದ್ದನ್ನು ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ವ್ಯಾನಿನಲ್ಲಿ ಕೂತು, ಎರಡು ಚಮಚಗಳ ನಡುವೆ ಅದನ್ನಿಟ್ಟು, ಹಸುಗೂಸಿನ ಬೆನ್ನು ನೀವುವಷ್ಟು ನಾಜೂಕಾಗಿ ಒತ್ತಿದ. ಒಂದು ಬಿರುಕೂ ಬಿಡದೆ ನೆಟ್ಟಗಾಯಿತು. ಆದರೆ ಅದರ ಮೇಲೆ ರಾಜನಿರಲಿಲ್ಲ, ಅಕ್ಷರವಿರಲಿಲ್ಲ. ಎರಡೂ ಕಡೆ ಅರ್ಧ ಚೀಪಿದ ಪೆಪ್ಪರ್‌ಮಿಂಟಿನಷ್ಟು ನುಣುಪು.

ಅದಕ್ಕೊಂದು ಹೆಸರು ಸಿಗಲೇಬೇಕಿತ್ತು, ಅದೂ ಸಂಜೆಯೊಳಗೆ. ಲಿಂಕನ್‌ಶೈರ್ ಸೀಮೆಯಲ್ಲಿ ಹೊಲದ ಒಡೆಯರ ಒಪ್ಪಿಗೆ ಇಲ್ಲದೆ ಯಾರೂ ಒಂದು ಹಿಡಿ ಮಣ್ಣನ್ನೂ ಕೆದಕುವಂತಿಲ್ಲ. ಎಪ್ಪತ್ತೆಂಟರ ಮಿಸೆಸ್ ಸ್ಕೆಲ್ಟನ್ ಶುಕ್ರವಾರ ಗೇಟಿಗೆ ಒರಗಿ ನಿಂತು ಖಡಾಖಂಡಿತವಾಗಿ ಹೇಳಿದ್ದಳು: "ವರ್ಷದಿಂದ ನನ್ನ ಹೊಲ ತೋಡ್ತಾ ಇದೀಯ ಕಣಯ್ಯಾ. ತಂದು ತೋರಿಸಿದ್ದೇನು? ಖಾಲಿ ತೋಟಾ, ತುಕ್ಕು ಹಿಡಿದ ನಟ್ಟು. ಭಾನುವಾರ ಚಹಾದ ಹೊತ್ತಿಗೆ ಹೆಸರಿರೋ ವಸ್ತು ಒಂದು ತಗೊಂಡು ಬಾ. ಇಲ್ದಿದ್ರೆ ಹೊಲ ಟಾಫ್ಟ್‌ಗೆ."

ಬ್ರೂಸ್ ಟಾಫ್ಟ್, ಹೀಗೆ ಡಿಟೆಕ್ಟರ್ ಹಿಡಿದು ಹೊಲ ಜಾಲಾಡುವ ಶೋಧಕರ ಸಂಘದ ಕಾರ್ಯದರ್ಶಿ. ಮೀನಿಗೆ ಕಾದ ಕೊಕ್ಕರೆಯ ಹಾಗೆ ಆರು ತಿಂಗಳಿಂದ ಪಕ್ಕದ ಹೊಲದಲ್ಲೇ ನಿಂತಿದ್ದ.

ಮಧ್ಯಾಹ್ನ ಪಬ್ಬಿನಲ್ಲಿ ಸಂಘದವರೆಲ್ಲ ಬಿಲ್ಲೆಯನ್ನು ಕೈಯಿಂದ ಕೈಗೆ ದಾಟಿಸಿದರು. ಒಬ್ಬ ರೋಮನ್ನರದು ಎಂದ. ಇನ್ನೊಬ್ಬ ವಿನೆಗರಿನಲ್ಲಿ ನೆನೆಸು ಎಂದ. ಕೊಳಾಯಿ ಕೆಲಸದವನೊಬ್ಬ ಅದರ ಮೇಲೆ ಚಾಕಲೇಟಿನ ಬೆಳ್ಳಿ ಹಾಳೆ ಸುತ್ತಿ, ಉಜ್ಜಿ, ಬಿಡಿಸಿ ತೋರಿಸಿದ. ಅದರಲ್ಲಿ ಅವನದೇ ಹೆಬ್ಬೆಟ್ಟಿನ ಗುರುತು ಸೊಗಸಾಗಿ ಮೂಡಿತ್ತು. ಟಾಫ್ಟ್ ಕೊನೆಗೆ ಕೈಗೆತ್ತಿಕೊಂಡು ಮರುಕದಿಂದ ನಿಟ್ಟುಸಿರಿಟ್ಟ.

"ಕೋಟಿನ ಗುಂಡಿ, ಸಿರಿಲ್. ಹಿಂದಿನ ಕೊಂಡಿ ಉದುರಿದೆ, ಅಷ್ಟೇ. ನೊಂದ್ಕೋಬೇಡ."

ಉಳಿದದ್ದು ಮಿಸ್ ಲಮ್ಲಿಯ ಮನೆಯೊಂದೇ. ನಲವತ್ತು ವರ್ಷ ವಸ್ತುಸಂಗ್ರಹಾಲಯದ ನಾಣ್ಯಗಳ ನಡುವೆ ಬಾಳಿ ನಿವೃತ್ತಳಾದ ಮುದುಕಿ ಆಕೆ. ಕಣ್ಣು ಮಂಜಾಗಿತ್ತು, ಅದನ್ನವಳು ದೊಡ್ಡ ಕೊರತೆಯೆಂದು ಎಣಿಸಿರಲಿಲ್ಲ. ಮೊದಲು ಬಿಲ್ಲೆಯನ್ನು ನೋಡಲೇ ಇಲ್ಲ. ಕಣ್ಣು ಮುಚ್ಚಿ ಅದರ ಅಂಚನ್ನು ಹೆಬ್ಬೆರಳಿನ ಮೇಲೆ ನಿಧಾನವಾಗಿ ಉರುಳಿಸಿದಳು. ಪುಟ್ಟ ತಕ್ಕಡಿಯಲ್ಲಿಟ್ಟು, ಜನರ ಜೇಬುಗಳು ಇದರಲ್ಲಿ ಅರ್ಧ ಗ್ರಾಂ ತಿಂದುಹಾಕಿವೆ ಎಂದಳು. ಆಮೇಲೆ ದೀಪವನ್ನು ಮೇಜಿಗೆ ತಾಗುವಷ್ಟು ತಗ್ಗಿಸಿ, ಬಿಲ್ಲೆಯನ್ನು ಕೂದಲೆಳೆಯಷ್ಟೇ ತಿರುಗಿಸಿದಳು.

ಏನೂ ಇಲ್ಲದ ಬೆಳ್ಳಿಯಲ್ಲಿ ನಾಲ್ಕು ಗುರಾಣಿಗಳ ನೆರಳು ಎದ್ದು ಬಂತು, ಆವಿ ಹಿಡಿದ ಕಿಟಕಿಯಾಚೆ ಯಾರೋ ಬಂದು ನಿಂತ ಹಾಗೆ. ಬಿಲ್ಲೆಯ ಮಗ್ಗುಲು ಬದಲಿಸಿದಳು. ಅಲ್ಲೊಂದು ಗುಂಗುರು ಕೂದಲ ಸುರುಳಿ.

"ಮೂರನೇ ವಿಲಿಯಮ್ ರಾಜ. ಆರು ಪೆನ್ನಿಯ ನಾಣ್ಯ. ಸಾವಿರದ ಆರುನೂರ ತೊಂಬತ್ತಾರು, ಇಲ್ಲಾ ಅದರ ಮರುವರ್ಷ," ಎಂದಳು ಮಿಸ್ ಲಮ್ಲಿ. "ಮುಖ ಹೋಗಿದೆ, ಕೂದಲು ಉಳಿದಿದೆ. ಗಂಡಸರಲ್ಲಿ ಅಪರೂಪ."

ಬೋಳುತಲೆಯ ಸಿರಿಲ್ ಭಕ್ತಿಯಿಂದ ಟೋಪಿ ತೆಗೆದ. ಇಂಥ ವಿದ್ಯೆಯೂ ಲೋಕದಲ್ಲಿದೆಯಲ್ಲ ಎಂದು ಅವನ ಕಣ್ಣು ತುಂಬಿತು. ಅಷ್ಟರಲ್ಲಿ ಆಕೆಯ ಬೆರಳು ಒಂದು ಕಡೆ ನಿಂತಿತು.

"ಇದು ಎರಡು ಕಡೆ ಬಾಗಿತ್ತಲ್ವಾ?"

"ಹೌದು. ನಾನೇ ಸರಿ ಮಾಡ್ದೆ," ಎಂದ ಸಿರಿಲ್ ಹೆಮ್ಮೆಯಿಂದ.

ಮಿಸ್ ಲಮ್ಲಿ ನಾಣ್ಯವನ್ನು ಮೇಜಿನ ಮೇಲಿಟ್ಟು ವಿವರಿಸಿದಳು. ಆ ಕಾಲದ ಹುಡುಗರು ಮನಸ್ಸಿಗೆ ಬಂದ ಹುಡುಗಿಗೆ ಬೆಳ್ಳಿ ನಾಣ್ಯವನ್ನು ಹೀಗೆ ಬಗ್ಗಿಸಿ ಕೊಡುತ್ತಿದ್ದರಂತೆ. ಬಾಗಿದ್ದನ್ನು ಯಾವ ಅಂಗಡಿಯವನೂ ಮುಟ್ಟುವುದಿಲ್ಲ, ಅದು ಅವಳೊಬ್ಬಳದೇ. ಇಟ್ಟುಕೊಂಡರೆ ಒಪ್ಪಿಗೆ. ಹೊಲಕ್ಕೆ ಎಸೆದರೆ ಇಲ್ಲ.

"ಆ ಬಡಪಾಯಿ ಹುಡುಗ ಮಾಡಿದ್ದು ಆ ಬಾಗು ಒಂದೇ. ಮುನ್ನೂರು ವರ್ಷ ನೇಗಿಲೂ ಅಳಿಸದೆ ಬಿಟ್ಟಿತ್ತು."

ಮತ್ತೆ ಬಗ್ಗಿಸಿಬಿಡಲೇ ಎಂದು ಸಿರಿಲ್ ಕ್ಷೀಣವಾಗಿ ಕೇಳಿದ. ದಯವಿಟ್ಟು ಇನ್ನು ಏನನ್ನೂ ಮಾಡಬೇಡ ಎಂದು ಆಕೆ ನಾಣ್ಯವನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟಳು.

ಐದು ಗಂಟೆಗೆ ಅವನು ಮಿಸೆಸ್ ಸ್ಕೆಲ್ಟನ್‌ಳ ಅಡುಗೆಮನೆಯಲ್ಲಿ ಕೂತು, ಚಮಚದ ಸಂಗತಿಯನ್ನೂ ಮುಚ್ಚಿಡದೆ, ಎಲ್ಲವನ್ನೂ ಹೇಳಿದ. ಆಕೆಯ ಚಹಾ ಆರಿತು. ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು, ಸಿಕ್ಕ ಜಾಗ ಯಾವುದೆಂದು ವಿಚಾರಿಸಿದಳು. ಗೇಟಿನ ಪಕ್ಕದ ಮುಳ್ಳುಬೇಲಿಯ ಹತ್ತಿರ ಎಂದ.

"ಆ ಹುಡುಗಿ ದಾರಿಯಲ್ಲಿ ನಿಂತೇ ಎಸೆದಿದ್ದಾಳೆ," ಎಂದಳು ಮಿಸೆಸ್ ಸ್ಕೆಲ್ಟನ್ ಮೆಚ್ಚುಗೆಯಿಂದ. "ಗಟ್ಟಿಗಿತ್ತಿ." ಆರಿದ ಚಹಾವನ್ನು ಪಕ್ಕಕ್ಕೆ ಸರಿಸಿ, "ಹೊಲ ಟಾಫ್ಟ್‌ಗೆ ಕೊಡಲ್ಲ," ಎಂದಳು.

ಸಿರಿಲ್‌ನ ಎದೆ ಹಗುರಾಯಿತು.

"ನಿನಗೂ ಕೊಡಲ್ಲ." ಆಕೆ ಎದ್ದು ಬೂಟು ಹಾಕಿಕೊಳ್ಳತೊಡಗಿದ್ದಳು. "ಇಷ್ಟು ವರ್ಷ ಇದರ ಮೇಲೆ ಬರೀ ಬಾರ್ಲಿ ಬೆಳೆದೆನಲ್ಲಯ್ಯಾ. ಅಡಿಯಲ್ಲಿ ಇಂಥವರೆಲ್ಲ ಇದ್ದಾರೆ ಅಂತ ಒಬ್ಬರೂ ಹೇಳ್ಲಿಲ್ಲ. ಎಲ್ಲಿ, ಆ ನಿನ್ನ ಯಂತ್ರ ಕೊಡು. ಯಾವುದನ್ನ ಒತ್ತಬೇಕು?"

ಆರೂವರೆಯ ಇಳಿಬಿಸಿಲಲ್ಲಿ, ಅಂಗಳ ಗುಡಿಸುವ ಹಾಗೆ ಯಂತ್ರವನ್ನು ಎಗ್ಗಿಲ್ಲದೆ ಬೀಸುತ್ತಾ ಮಿಸೆಸ್ ಸ್ಕೆಲ್ಟನ್ ಮುಂದೆ ನಡೆದಳು. ಹಾಗೆ ಬೀಸಬಾರದು ಎಂದು ಸಿರಿಲ್ ಬಾಯಿ ತೆರೆಯುವಷ್ಟರಲ್ಲಿ ಅದು ಕೂಗಿತು. ಅವನು ಮೊಣಕಾಲೂರಿ ಅಗೆದ. ಹೆಂಟೆ ಒಡೆದಾಗ ಒಳಗಿಂದ ಒಂದು ಬೆಳ್ಳಿ ಪೆನ್ನಿ ನಾಣ್ಯ, ಅದರ ಮೇಲಿನ ಕಿರೀಟ, ಕಣ್ಣು, ಸುತ್ತಲಿನ ಅಕ್ಷರಗಳು ಒಂದೂ ಅಳಿಯದೆ, ನೇರವಾಗಿ ಅವನ ಮುಖವನ್ನೇ ನೋಡಿತು. ಒಂದು ವರ್ಷದಲ್ಲಿ ಅವನು ಕಂಡ ಮೊದಲ ರಾಜ.

ಮಿಸೆಸ್ ಸ್ಕೆಲ್ಟನ್ ಕನ್ನಡಕವಿಲ್ಲದೆಯೇ ಹೆಸರು ಓದಿಕೊಂಡು, ಅದನ್ನು ಏಪ್ರನ್ನಿನ ಜೇಬಿಗೆ ಇಳಿಬಿಟ್ಟಳು.

"ಮುಂದಿನ ಭಾನುವಾರ ಸ್ವಲ್ಪ ಬೇಗ ಬಾ, ಸಿರಿಲ್," ಎಂದಳು. "ನನಗೆ ಬಗ್ಗೋಕೆ ಆಗಲ್ಲ."