ಟ್ರ್ಯಾಕ್ಟರಿನ ವಿರುದ್ಧ ಹನ್ನೊಂದು ಸೈಕಲ್ಲು

ಮಹಾ ಚಳವಳಿಗಳೆಲ್ಲ ಅನ್ಯಾಯದಿಂದ ಹುಟ್ಟುತ್ತವೆ. ನಮ್ಮದು ಹರಿದ ಪ್ಯಾಂಟಿನಿಂದ ಹುಟ್ಟಿತು.

ತೊಂಬತ್ತರ ಆಸುಪಾಸು. ನಾನು ಸತ್ತಿ ಎಂಬ ಹಳ್ಳಿಯಲ್ಲಿ ಶಾಲೆ ಮಾಸ್ತರ. ಅಥಣಿ ರಸ್ತೆಯ ಡಾಂಬರು ಮೇಲೆ, ಬದಿಯ ಮಣ್ಣು ಒಂದು ಗೇಣು ಕೆಳಗೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರಿನ ಟ್ರ್ಯಾಕ್ಟರ್ ಬಂತೆಂದರೆ ಸೈಕಲ್ಲಿನವರು ಕೆಳಗಿಳಿಯಬೇಕು, ಇಳಿದವರು ಬೀಳಬೇಕು. ಆ ತಿಂಗಳು ಈ ನಿಯಮವನ್ನು ನಾನು ಮೂರು ಸಲ ಪಾಲಿಸಿದ್ದೆ.

"ಇನ್ನೊಮ್ಮಿ ಹರಕೊಂಡ ಬಂದ್ರ ನಾ ಹೊಲಿಯಾಂಗಿಲ್ಲ ನೋಡ್ರಿ!" ಎಂದಳು ಹೆಂಡತಿ.

ಅಂದೇ 'ಸೈಕಲ್ ಸವಾರರ ಹಿತರಕ್ಷಣಾ ಸಂಘ' ಸ್ಥಾಪನೆಯಾಯಿತು. ಅಧ್ಯಕ್ಷ ನಾನು. ಬೇಡಿಕೆ ಒಂದೇ: ರಸ್ತೆಯ ದಂಡೆಗೆ ಗರಸು ಮಣ್ಣು ಹಾಕಿ ಡಾಂಬರಿನ ಮಟ್ಟಕ್ಕೆ ತರಬೇಕು. ಘೋಷಣೆಯೂ ಒಂದೇ: 'ಟ್ರ್ಯಾಕ್ಟರ್ ದಬ್ಬಾಳಿಕೆಗೆ ಧಿಕ್ಕಾರ!' ಸೋಮವಾರ ರಜೆ ಹಾಕಿ, ಅಥಣಿಯ ರಸ್ತೆ ಇಲಾಖೆಯ ಸಾಹೇಬರಿಗೆ ಮನವಿ ಕೊಡಲು ಹನ್ನೊಂದು ಸೈಕಲ್ಲುಗಳ ಮೆರವಣಿಗೆ ಹೊರಟಿತು.

ಎದುರು ಗಾಳಿ. ಎರಡು ಮೈಲಿಗೆ ಘೋಷಣೆ ನಿಂತಿತು. ಮೂರಕ್ಕೆ ಉಸಿರು. ಅಷ್ಟರಲ್ಲಿ ಹಿಂದಿನಿಂದ ಕಬ್ಬು ಹೇರಿದ ಟ್ರ್ಯಾಕ್ಟರ್ ಬಂತು. ನಮ್ಮ ಕಾರ್ಯದರ್ಶಿ ಬಾಳಪ್ಪ ಟ್ರೇಲರಿನ ಸರಪಳಿ ಹಿಡಿದೇಬಿಟ್ಟ! ನಮ್ಮ ಸೀಮೆಯಲ್ಲಿ ಹುಟ್ಟಿದವನ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ.

"ಬಾಳ್ಯಾ, ಬಿಡಲೇ! ವೈರಿ ಗಾಡಿ ಅದು!"

"ವೈರಿನ ನಮ್ಮನ್ನ ಜಗ್ಗಾಕತ್ತಾನಂದ್ರ ಬ್ಯಾಡ ಅನ್ನೂದ್ಯಾಕ್ರಿ ಮಾಸ್ತರ? ಹಿಡೀರಿ!"

ಸರಪಳಿ, ಹಗ್ಗ, ಜೋತುಬಿದ್ದ ಕಬ್ಬು ಎಂದು ಉಳಿದವರೂ ಸಿಕ್ಕಿದ್ದನ್ನು ಹಿಡಿದರು. ಸಂಘದ ಐಕ್ಯಕ್ಕಾಗಿ ನಾನೂ ಹಿಡಿದೆ. ಬಾಳಪ್ಪ ನನ್ನ ಬಾಯಿಗಿಟ್ಟ ಕಬ್ಬಿನ ತುಂಡನ್ನು ಐಕ್ಯಕ್ಕಾಗಿಯೇ ಕಚ್ಚಿಕೊಂಡೆ.

ಅಥಣಿ ಮುಟ್ಟಿದಾಗ ಸಾಹೇಬರು ಕಚೇರಿಯ ಮುಂದೆ ರಸ್ತೆಯಲ್ಲೇ ನಿಂತಿದ್ದರು! ಟ್ರ್ಯಾಕ್ಟರಿಗೆ ಬಾಲ ಬಂದದ್ದನ್ನು ಕಂಡು ಕೈ ಅಡ್ಡ ಹಿಡಿದು ನಿಲ್ಲಿಸಿದರು. ನಾನು ಮನವಿ ಅರ್ಪಿಸಿದೆ. ಅವರು ಗಂಭೀರವಾಗಿ ಓದಿದರು.

"ಯಾವ ಟ್ರ್ಯಾಕ್ಟರ ದಬ್ಬಾಳಿಕಿರಿ ಇದು?"

ನಾನು ಬಾಯಿಂದ ಕಬ್ಬು ತೆಗೆದೆ. "ಇದರದ್ದ... ಅಂದ್ರ, ಇಂಥಾವುಗಳದ್ರಿ."

ಡ್ರೈವರ್ ಪರಸು ಸೀಟಿನಿಂದ ಧುಮುಕಿದ. ಚಳವಳಿ ಮುಗಿಯಿತು ಎಂದುಕೊಂಡೆ.

"ಮಾಸ್ತರ ಬರದದ್ದ ಖರೆ ಐತ್ರಿ ಸಾಹೇಬ್ರ! ಇವರಿಗೆ ದಾರಿ ಬಿಡಾಕ ಹೋಗಿ ದಂಡಿಗೆ ಇಳದು ನನ್ನ ಟ್ರೇಲರ ಎರಡ ಸಲ ಪಲ್ಟಿ ಹೊಡದೈತಿ. ಎಲ್ಲೈತಿ ಪೆನ್ನ? ಕೊಡ್ರಿ ಇಲ್ಲೆ!"

ತನ್ನದೇ ದಬ್ಬಾಳಿಕೆಯ ವಿರುದ್ಧ ನಮ್ಮೆಲ್ಲರಿಗಿಂತ ದಪ್ಪ ಅಕ್ಷರದಲ್ಲಿ ಸಹಿ ಹಾಕಿದ. ನಗು ತಡೆಯಲಾಗದೆ ಸಾಹೇಬರು ಕಣ್ಣೊರೆಸಿಕೊಳ್ಳುತ್ತ ಅಲ್ಲೇ ಆದೇಶ ಬರೆದರು. ಎಂಟು ದಿನದಲ್ಲಿ ದಂಡೆಗೆ ಗರಸು ಬಿತ್ತು. ಸಂಪೂರ್ಣ ವಿಜಯ!

ಮುಂದಿನ ಸಭೆಯಲ್ಲಿ ಪರಸುವನ್ನು ಸಂಘದ ಅಧ್ಯಕ್ಷನನ್ನಾಗಿ ಸರ್ವಾನುಮತದಿಂದ ಆರಿಸಲಾಯಿತು. ನಾನೂ ಕೈ ಎತ್ತಿದೆ. ಅವನಿಗೆ ಸೈಕಲ್ ಇರಲಿಲ್ಲ.