ಬೆಳಕು, ಹಿನ್ನೆಲೆ ಮತ್ತು ಬಕೆಟ್

"ಇನ್ನು ಮುಂದೆ ಈ ಮನೆಯ ಯಾರೂ ಸ್ಟುಡಿಯೋ ಮೆಟ್ಟಿಲು ಹತ್ತಕೂಡದು!" ಎಂದು ಹಜಾರದ ನಡುವೆ ನಿಂತು ಘೋಷಿಸಿದೆ. ಕೊರಳಲ್ಲಿ ಹೊಸ ಡಿಜಿಟಲ್ ಕ್ಯಾಮೆರಾ ತೂಗುತ್ತಿತ್ತು. ಅದರ ಜೊತೆ ಬಂದ ಕೈಪಿಡಿಯನ್ನು ಆಗಲೇ ಅರೆದು ಕುಡಿದಿದ್ದೆ.

ಘೋಷಣೆಗೆ ಕಾರಣವಿತ್ತು. ನನ್ನಾಕೆಗೆ ಗ್ರಂಥಾಲಯದ ಮುಖ್ಯಸ್ಥೆಯಾಗಿ ಬಡ್ತಿ ಸಿಕ್ಕಿತ್ತು. ಹಿಂದಿನ ಮುಖ್ಯಸ್ಥರೆಲ್ಲ ಅಲ್ಲಿನ ಗೋಡೆಯ ಮೇಲೆ ಫೋಟೋಗಳಾಗಿ ಸಾಲಾಗಿ ಕುಳಿತಿದ್ದಾರೆ. ಅವಳ ಫೋಟೋವೂ ಅಲ್ಲಿಗೆ ಏರಬೇಕು, ಅದನ್ನು ಆ ಸಂಜೆಯೊಳಗೇ ಕಳಿಸಬೇಕು.

"ರೀ, ಒಂದು ಸಲ ಗೋಡೆಗೆ ಹಾಕಿದ್ರೆ ನಾನು ನಿವೃತ್ತಿ ಆಗೋವರೆಗೂ ತೆಗೆಯಲ್ಲ. ದಿನಾ ಅದರ ಮುಂದೇನೇ ಓಡಾಡಬೇಕು. ಸುಮ್ನೆ ಸ್ಟುಡಿಯೋಗೆ ಹೋಗಿ ಬರ್ತೀನಿ."

"ಮನೇಲೇ ಇಂಥಾ ಕಲಾವಿದ ಇರುವಾಗ?"

"ನನ್ನ ಗುರುತಿನ ಚೀಟಿ ಫೋಟೋ ತೆಗೆದದ್ದೂ ಅದೇ ಕಲಾವಿದರು! ಬಾಗಿಲ ಕಾವಲುಗಾರ ಇವತ್ತಿಗೂ 'ನಿಮ್ಮಮ್ಮ ಹುಷಾರಾಗಿದಾರಾ ಮೇಡಂ?' ಅಂತ ಕೇಳ್ತಾನೆ. ಅದು ನಮ್ಮಮ್ಮನ ಚೀಟಿ ಅಂದ್ಕೊಂಡಿದಾನೆ!"

ತಪ್ಪನ್ನೆಲ್ಲ ಹಳೆಯ ಮೊಬೈಲಿನ ತಲೆಗೆ ಕಟ್ಟಿ ಕೆಲಸಕ್ಕೆ ಇಳಿದೆ.

ಹಿನ್ನೆಲೆ ಸರಳವಾಗಿರಲಿ ಎಂದಿತ್ತು ಕೈಪಿಡಿ. ನಮ್ಮ ಹಜಾರದಲ್ಲಿ ಸರಳ ಎನ್ನಬಹುದಾದದ್ದು ಮಾವನವರ ಬೋಳು ತಲೆಯೊಂದೇ! ಹಾಸಿಗೆಯ ಬೆಡ್‌ಶೀಟ್ ಎಳೆದು ಪುಸ್ತಕದ ಕಪಾಟಿಗೆ ಇಳಿಬಿಟ್ಟೆ. ಬೆಳಕು ಕಿಟಕಿಯಿಂದ ಬರಬೇಕಂತೆ. ಪರದೆಗಳು ನೆಲಕ್ಕೆ ಬಿದ್ದವು. ಕಿಟಕಿಗೆ ಅಡ್ಡವಿದ್ದ ಸೋಫಾ ಅಡುಗೆಮನೆ ಬಾಗಿಲಿಗೆ ಹೋಯಿತು. ಊಟದ ಮೇಜು ಬಚ್ಚಲುಮನೆ ಬಾಗಿಲಿಗೆ ಒರಗಿತು. ಬಾಡಿಗೆ ಮನೆ ಬದಲಿಸಿದಾಗಲೂ ನಾನು ಇಷ್ಟು ಬೆವರಿರಲಿಲ್ಲ! ಸೋಫಾ ಸರಿದ ಜಾಗದ ಧೂಳು ನೋಡಿ ನನ್ನಾಕೆ ಹೌಹಾರಿ, ಅಂಗಳದ ನಲ್ಲಿಯಿಂದ ಬಕೆಟ್ಟಿನಲ್ಲಿ ನೀರು ತಂದು ನೆಲ ಒರೆಸಿದಳು.

ಮುಖದ ನೆರಳಿನ ಕಡೆಗೆ ಬಿಳಿ ಹಲಗೆಯಿಂದ ಬೆಳಕು ಹಾಯಿಸಬೇಕಿತ್ತು. ಟಿ.ವಿ. ಡಬ್ಬದ ಥರ್ಮೋಕೋಲನ್ನು ಮಾವನವರ ಕೈಗೆ ಕೊಟ್ಟು ನಿಲ್ಲಿಸಿದೆ.

"ಅಳಿಯಂದ್ರೇ, ಎಷ್ಟು ಹೊತ್ತು ಹೀಗೆ?"

"ಕಲೆಗೆ ಹೊತ್ತು ಗೊತ್ತು ಇಲ್ಲ ಮಾವ!"

"ನನಗಿದೆಯಲ್ಲ. ಸ್ನಾನಕ್ಕೆ ಹೊರಟಿದ್ದೆ, ಬಾಗಿಲಿಗೆ ಮೇಜು ಬಂದುಬಿಡ್ತು."

ಕೈಪಿಡಿಯ ಮುಂದಿನ ಸೂಚನೆ, ಗುಂಡಿ ಒತ್ತುವಾಗ ಉಸಿರು ಬಿಗಿಹಿಡಿಯುವುದು. ನನ್ನಾಕೆಯನ್ನು ಕುರ್ಚಿಯಲ್ಲಿ ಕೂರಿಸಿ, "ಉಸಿರು ಹಿಡಿ! ನಾನು ಹೇಳೋವರೆಗೂ ಬಿಡಬೇಡ!" ಎಂದು ಆಜ್ಞಾಪಿಸಿದೆ. ಆಮೇಲೆ ಒಂದು ಚಕ್ರ ತಿರುಗಿಸಿದೆ, ಇನ್ನೊಂದು ತಿರುಗಿಸಿದೆ, ಮೊದಲನೆಯದನ್ನು ಇದ್ದಲ್ಲಿಗೇ ತಂದೆ. ಅಷ್ಟರಲ್ಲಿ ಅವಳ ಮುಖ ಟೊಮೇಟೊ ಆಗಿತ್ತು. ಕ್ಲಿಕ್! ಮತ್ತೆ ಹಿಡಿ! ಕ್ಲಿಕ್!

ಫೋಟೋಗಳಲ್ಲಿ ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಮೇಲೆ ಮಾಡಿಕೊಂಡು ಯಾರೋ ಬಾವಿಗೆ ಬೀಳುತ್ತಿದ್ದರು.

ಅವಳು ಕೈಪಿಡಿ ಕಸಿದುಕೊಂಡು ಓದಿದಳು. "ರೀ, ಉಸಿರು ಹಿಡಿಯಬೇಕಾದದ್ದು ಫೋಟೋ ತೆಗೆಯೋರು! ತೆಗೆಸಿಕೊಳ್ಳೋರಲ್ಲ!"

"ಹೌದಾ?" ಎಂದೆ, ಅರೆದು ಕುಡಿದಿದ್ದ ನಾನು.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಭಾನುವಾರ, ಸ್ಟುಡಿಯೋನೂ ಮಧ್ಯಾಹ್ನಕ್ಕೇ ಮುಚ್ಚಿರುತ್ತೆ. ಇಷ್ಟು ವರ್ಷ ದುಡಿದು ಸಿಕ್ಕ ಜಾಗ ರೀ ಅದು. ಅಲ್ಲಿ ನನ್ನ ಮುಖ ಒಂಚೂರು ಚೆನ್ನಾಗಿರಲಿ ಅಂತ ಆಸೆ, ಅಷ್ಟೇ" ಎಂದಳು.

ಕೊರಳಿನ ಕ್ಯಾಮೆರಾ ಕಲ್ಲಿನಷ್ಟು ಭಾರವಾಯಿತು.

"ಕೊನೇದೊಂದು! ನನ್ನ ಕೈಯೇ ತಾಗದ ಹಾಗೆ ತೆಗಿತೀನಿ!" ಎಂದು ಅಂಗಲಾಚಿದೆ. ಸ್ಟೂಲಿನ ಮೇಲೆ ದಪ್ಪ ಪುಸ್ತಕಗಳನ್ನು ಪೇರಿಸಿ ಕ್ಯಾಮೆರಾ ಕೂರಿಸಿದೆ. ಟೈಮರ್ ಒತ್ತಿದೆ. ಕೆಂಪು ದೀಪ ಮಿನುಗತೊಡಗಿತು. ನನ್ನ ಕಲಾಕೃತಿ ದೂರದಿಂದ ಹೇಗೆ ಕಾಣುತ್ತದೋ ನೋಡೋಣವೆಂದು ಹಿಂದೆ ಸರಿದೆ. ಇನ್ನೂ ಸರಿದೆ. ಕಾಲಿಗೆ ಏನೋ ತಗುಲಿತು. ಧೊಪ್ಪನೆ ಕುಳಿತೆ!

ನೆಲ ಒರೆಸಿದ ನೀರು ಅಷ್ಟು ತಣ್ಣಗಿರುತ್ತದೆಂದು ಯಾವ ಕೈಪಿಡಿಯಲ್ಲೂ ಬರೆದಿಲ್ಲ. ಸೊಂಟ ಬಕೆಟ್ಟಿನೊಳಗೆ, ಕೈಕಾಲು ಆಕಾಶಕ್ಕೆ. ಏಳಲು ಹೋದರೆ ಬಕೆಟ್ಟೂ ಜೊತೆಗೇ ಎದ್ದಿತು!

ಮಾವನವರು ಥರ್ಮೋಕೋಲ್ ಅಲುಗಿಸದೆ ಇಣುಕಿ ನೋಡಿದರು. "ಅಳಿಯಂದ್ರೇ, ನನಗಿಂತ ಮುಂಚೆ ನೀವೇ ಸ್ನಾನಕ್ಕೆ ಇಳಿದ್ರಾ?"

ನನ್ನಾಕೆ ಬಿದ್ದು ಬಿದ್ದು ನಕ್ಕಳು. ಕ್ಲಿಕ್!

ನಾನು ನೀರು ಸೋರಿಸುತ್ತ ಬಂದು ನೋಡಿದೆ. ಕೆನ್ನೆಯ ಮೇಲೆ ಕಿಟಕಿಯ ಬೆಳಕು, ಕಣ್ಣಿನ ತುಂಬ ನಗು. ಹಿನ್ನೆಲೆ ಸರಳ, ನೆರಳು ಮೃದು! ಮದುವೆಯಾದ ಹೊಸತರಲ್ಲಿ ನಾನು ಮರುಳಾಗಿದ್ದ ಮುಖವೇ ಅದು. ಅವಳೂ ತುಂಬ ಹೊತ್ತು ನೋಡಿ, "ಇದನ್ನೇ ಕಳಿಸ್ತೀನಿ ರೀ" ಎಂದಳು. ಅಂದು ರಾತ್ರಿ ಸೋಫಾ, ಮೇಜು, ಪರದೆಗಳನ್ನೆಲ್ಲ ಒಬ್ಬನೇ ವಾಪಸ್ ಹಾಕಿದರೂ ನನಗೆ ಆಯಾಸವೆನಿಸಲಿಲ್ಲ.

ಗ್ರಂಥಾಲಯದ ಗೋಡೆಯ ಮೇಲೆ ಗಂಟುಮುಖದ ಹಿರಿಯರ ಸಾಲಿನಲ್ಲಿ ಈಗ ಅವಳೊಬ್ಬಳೇ ನಗುತ್ತಿದ್ದಾಳೆ. ಫೋಟೋ ಏರಿಸಿದ ದಿನ ನಾನು ಅದರ ಕೆಳಗೇ ಎದೆ ಸೆಟೆಸಿ ನಿಂತಿದ್ದೆ. ಅಲ್ಲಿನ ಲೆಕ್ಕಿಗರು, "ಯಾವ ಸ್ಟುಡಿಯೋ ಮೇಡಂ?" ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು ಉಸಿರು ಬಿಗಿಹಿಡಿದದ್ದರಿಂದ ಹಿಡಿದು ಬಕೆಟ್ಟಿನವರೆಗೆ ಒಂದನ್ನೂ ಬಿಡದೆ ಹೇಳಿದ್ದಳು.

ವಾರದ ನಂತರ ಅದೇ ಲೆಕ್ಕಿಗರ ಫೋನು ಬಂತು. "ಸಾರ್, ನಮ್ಮಪ್ಪಂದು ಒಂದು ಫೋಟೋ ತೆಗೀಬೇಕು. ಅವರು ನಗೋದೇ ಇಲ್ಲ. ದಯವಿಟ್ಟು ನೀವು ಬರಬೇಕು."

ನನ್ನ ಕಾಲು ನೆಲದ ಮೇಲಿರಲಿಲ್ಲ. "ಅಯ್ಯೋ, ಅದಕ್ಕೇನಂತೆ! ಈಗಲೇ ಕ್ಯಾಮೆರಾ ತಗೊಂಡು ಹೊರಟೆ!"

"ಕ್ಯಾಮೆರಾ ನಮ್ಮನೇಲೇ ಇದೆ ಸಾರ್, ತೆಗೆಯೋಕೆ ನನ್ನ ತಂಗಿ ಇದಾಳೆ. ಬಕೆಟ್ಟಿಗೆ ನೀರೂ ತುಂಬಿಸಿಟ್ಟಿದೀವಿ. ನೀವು ಬಂದು ಕೂತ್ರೆ ಸಾಕು!"